ಅಮ್ಮನಿಗೆ ಡಿಪ್ರೆಶನ್, ಮಾತ್ರೆ ನಡೀತಿದೆ. ದೊಡ್ಡಮ್ಮ ಗಾಣಗಾಪುರಕ್ಕೆ ಕರ್ಕೊಂಡು ಹೋಗ್ತೀನಂತಾರೆ, ಕಳಿಸ್ಲಾ ಬೇಡ್ವಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ಅಪ್ಪ ತೀರ್ಕೊಂಡ್ಮೇಲೆ ಶಿವಮೊಗ್ಗದ ಮನೆಗೆ ಬೀಗ ಹಾಕಿ ಅಮ್ಮನ್ನ ಬೆಂಗ್ಳೂರಿಗೆ ಕರ್ಕೊಂಡ್ ಬಂದ್ವಿ. ಶುರೂಲಿ ದುಃಖ ಇರುತ್ತೆ ಬಿಡು ಅಂದ್ಕೊಂಡ್ವಿ, ಆಮೇಲೆ ನೋಡಿದ್ರೆ ಬೆಳಗಿನ ಜಾವ ಮೂರಕ್ಕೇ ಎದ್ದು ಹಾಸಿಗೆ ಮೇಲೆ ಕೂತಿರೋರು, ಊಟ ಸೇರ್ತಿರ್ಲಿಲ್ಲ, ದೇವ್ರಿಗೆ ದೀಪ ಹಚ್ಚೋದನ್ನೂ ಬಿಟ್ಬಿಟ್ರು, ಅದನ್ನ ನೋಡಿ ನಂಗೆ ನಿಜವಾಗ್ಲೂ ಗಾಬರಿ ಆಯ್ತು. ಸೈಕಿಯಾಟ್ರಿಸ್ಟ್ ಹತ್ರ ಹೋದ್ವಿ, ಥೈರಾಯ್ಡು ಬಿ12 ಎಲ್ಲ ನೋಡಿ ಡಿಪ್ರೆಶನ್ ಅಂದ್ರು, ಮಾತ್ರೆ ನಡೀತಿದೆ. ನಿದ್ದೆ ಊಟ ಈಗ ಪರ್ವಾಗಿಲ್ಲ. ಆದ್ರೆ ಮುಖದಲ್ಲಿ ಕಳೆ ಇಲ್ಲ, ಕೇಳಿದ್ದಕ್ಕೆ ಹ್ಞೂಂ ಉಹ್ಞೂಂ ಅಷ್ಟೇ.

ಹುಬ್ಬಳ್ಳಿ ದೊಡ್ಡಮ್ಮ ಪ್ರತಿ ವರ್ಷ ಗಾಣಗಾಪುರಕ್ಕೆ, ಅದೇ ದತ್ತಾತ್ರೇಯನ ಪಾದುಕೆ ಇರೋ ಕ್ಷೇತ್ರಕ್ಕೆ, ಹೋಗೋರು. ಈ ಸಲ ನಿಮ್ಮಮ್ಮನ್ನೂ ಕರ್ಕೊಂಡು ಹೋಗಿ ಒಂದು ತಿಂಗ್ಳು ಅಲ್ಲೇ ಇದ್ದು ಸೇವೆ ಮಾಡ್ತೀವಿ ಅಂತಿದಾರೆ. ನಮ್ಮೆಜಮಾನ್ರು ಖಡಾಖಂಡಿತ ಬೇಡ ಅಂದ್ರು. ನಾನು ಯೂಟ್ಯೂಬಲ್ಲಿ ಆ ಜಾಗದ ವಿಡಿಯೋ ನೋಡಿದೆ, ಆರತಿ ಟೈಮಲ್ಲಿ ಮೈಮೇಲೆ ಬಂದೋರು ಕಂಬ ಹತ್ತೋದು ಕೂಗಾಡೋದು, ನಂಗೇ ಕೈಕಾಲು ನಡುಗ್ತು. ಆದ್ರೆ ಅಮ್ಮ "ಹೋಗ್ತೀನಿ ಕಣೇ" ಅಂದ್ರು. ಅಪ್ಪ ಹೋದ್ಮೇಲೆ ಅವ್ರಾಗೇ ಏನಾದ್ರೂ ಬೇಕು ಅಂದಿದ್ದು ಇದೇ ಮೊದ್ಲು. ಏನ್ ಮಾಡ್ಲಿ?

ಪ್ರಶ್ನೆ ಕೇಳೋನು:
ಕಳಿಸ್ಬೇಡಿ. ನಿಮ್ಮೆಜಮಾನ್ರು ಹೇಳಿದ್ದೇ ಸರಿ. ಏರ್ವಾಡಿ ನೆನಪಿದೆಯಾ ಯಾರಿಗಾದ್ರೂ? 2001ರ ಆಗಸ್ಟ್ 6, ತಮಿಳುನಾಡಿನ ರಾಮನಾಥಪುರಂ ಜಿಲ್ಲೆ. ದರ್ಗಾದಲ್ಲಿ ವಾಸಿ ಆಗುತ್ತೆ ಅಂತ ಮನೆಯವ್ರು ತಂದು ಬಿಟ್ಟ ಮಾನಸಿಕ ರೋಗಿಗಳನ್ನ ಅಲ್ಲಿ ಸುತ್ತಮುತ್ತ ಖಾಸಗಿಯವ್ರು ಗುಡಿಸಲಲ್ಲಿ ಸರಪಳಿ ಹಾಕಿ ಇಟ್ಕೊಂಡಿದ್ರು, ಬೆಳಗಿನ ಜಾವ ಬೆಂಕಿ ಬಿತ್ತು, ಓಡೋಕಾಗ್ದೆ 28 ಜನ ಸುಟ್ಟು ಹೋದ್ರು. ನಂಬಿಕೆ ನಂಬಿಕೆ ಅಂತ ಮಾತಾಡೋರು ಮೊದ್ಲು ಇದನ್ನ ಓದ್ಕೊಳ್ಳಿ.

ಕಲಬುರ್ಗಿ ಬಿಸಿಲು:
ಅಕ್ಕಾರ, ನಾ ಅಫಜಲಪುರ ತಾಲೂಕಿನಾಂವ, ಸಣ್ಣಾಂವ ಇದ್ದಾಗಿಂದ ಅಲ್ಲಿ ಅಡ್ಡಾಡೀನಿ ಅಂತ ಹೇಳ್ಲಾಕತ್ತೀನಿ. ನೀವು ನೋಡಿದ ವಿಡಿಯೋ ಸುಳ್ಳಲ್ಲ, ಆರತಿ ವ್ಯಾಳ್ಯಾಕ ಹಂಗ ಆಗೋದು ಖರೇನ ಅದ. ಆದ್ರ ವಿಡಿಯೋ ಮಾಡೋರು ಅಷ್ಟೇ ತೋರಸ್ತಾರ್ರಿ, ಉಳಿದ ದಿನಾ ಪೂರ್ತಿ ಏನ್ ನಡೀತದ ಅಂತ ಯಾರು ತೋರಸ್ತಾರ? ಮುಂಜಾನೆ ಸಂಗಮಕ್ಕ ಹೋಗಿ ಭೀಮಾ ಅಮರಜಾ ಕೂಡೋ ಕಡೆ ಜಳಕ, ಅಲ್ಲೇ ಔದುಂಬರ ಗಿಡಕ್ಕ ಪ್ರದಕ್ಷಿಣಿ, ಆಮ್ಯಾಲ ಗುಡಿ. ಮಧ್ಯಾಹ್ನ ಭಿಕ್ಷಾ. ಇದು ನೋಡೋವಂಥದ್ದು. ದತ್ತ ಮಹಾರಾಜರು ಯಾವ ವೇಷದಾಗರ ಭಿಕ್ಷಾಕ್ಕ ಬರ್ತಾರ ಅಂತ ನಂಬಿಕಿ, ಅದಕ್ಕ ಹಾಕೋರೂ ಮಂದಿ, ಬೇಡೋರೂ ಮಂದಿ. ಮನ್ಯಾಗ ಕಾರು ಬಂಗಲೆ ಇದ್ದೋರು ಕೂಡ ಜೋಳಿಗಿ ಹಿಡ್ಕೊಂಡು ಐದು ಮನಿ ಬೇಡ್ಕೊಂಡು ಬರ್ತಾರ. ನೀ ಯಾರು, ಯಾಕ್ ಬಂದಿ, ಏನ್ ರೋಗ, ಯಾರೂ ಕೇಳಂಗಿಲ್ರಿ.

ದಲಾಲರೂ ಇದ್ದಾರ, ಅದೂ ಹೇಳ್ತೀನಿ. "ಯಾರೋ ಮಾಡಿಸ್ಯಾರ, ತೆಗೀಬೇಕು, ಇಷ್ಟು ಖರ್ಚಾಗ್ತದ" ಅಂತ ಯಾರರ ಬಂದ್ರ ಕೈಮುಗದು ಮುಂದ ಹೋಗ್ರಿ.

ನೈಟ್ ಡ್ಯೂಟಿ ಸಿಸ್ಟರ್:
ನಾನು ಸೈಕಿಯಾಟ್ರಿ ವಾರ್ಡಲ್ಲಿ ಕೆಲ್ಸ ಮಾಡೋಳು, ಎಲ್ಲಿ ಅಂತ ಹೇಳಲ್ಲ. ಹೋಗೋದು ಬಿಡೋದು ಆಮೇಲೆ, ಮೊದ್ಲು ಮಾತ್ರೆ ವಿಷ್ಯ. ಅಮ್ಮಂದು ಯಾವ ಮಾತ್ರೆ ಅಂತ ಚೀಟಿ ನೋಡಿ. ಡಿಪ್ರೆಶನ್ ಮಾತ್ರೆ ಕೆಲ್ಸ ಶುರು ಮಾಡೋಕೇ ಎರಡ್ರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣೋಕೆ ಇನ್ನೂ ಜಾಸ್ತಿ. ನಮ್ಮಲ್ಲಿ ಜನ ಏನ್ ಮಾಡ್ತಾರೆ ಅಂದ್ರೆ ಸ್ವಲ್ಪ ಹುಷಾರಾದ ತಕ್ಷಣ ಕ್ಷೇತ್ರಕ್ಕೆ ಹೋಗಿ ಅಲ್ಲಿ ಮಾತ್ರೆ ನಿಲ್ಲಿಸ್ಬಿಡ್ತಾರೆ, ದಿಢೀರ್ ನಿಲ್ಸಿದ್ರೆ ತಲೆಸುತ್ತು, ನಿದ್ದೆಗೆಡೋದು, ಸಿಡಿಮಿಡಿ ಎಲ್ಲ ಬರುತ್ತೆ, ಅದನ್ನ ನೋಡಿ ಪಕ್ಕದಲ್ಲಿರೋರು "ನೋಡಿ ಗ್ರಹ ಈಗ ಹೊರಗೆ ಬರ್ತಾ ಇದೆ" ಅಂತಾರೆ. ಇದು ಕಥೆ ಅಲ್ಲ, ಹಂಗೆ ವಾಪಸ್ ಬಂದೋರನ್ನ ನಾನೇ ಅಡ್ಮಿಟ್ ಮಾಡ್ಕೊಂಡಿದೀನಿ.

ಇನ್ನೊಂದು ಉಪವಾಸ. ಲಿಥಿಯಂ, ಅಂದ್ರೆ ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡೋ ಮಾತ್ರೆ, ತಗೊಳ್ಳೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಗಮನ ಕೊಡಿ, ನೀರು ಬಿಟ್ಟು ಉಪ್ಪು ಬಿಟ್ಟು ವ್ರತ ಮಾಡಿದ್ರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತೆ, ಕೈ ನಡುಗೋದು, ವಾಂತಿ ಭೇದಿ, ತೊದಲೋದು, ಕೊನೆಗೆ ಪ್ರಜ್ಞೆ ತಪ್ಪೋವರೆಗೂ ಹೋಗ್ಬೋದು. ಶುಗರ್ ಇರೋರಿಗೆ ಉಪವಾಸದ್ದು ಬೇರೆ ಹೇಳ್ಬೇಕಾಗಿಲ್ಲ.

ಆಮೇಲೆ ಅಮ್ಮನ್ನ ನೇರವಾಗಿ ಕೇಳಿ, "ಸಾಯ್ಬೇಕು ಅಂತ ಅನ್ಸುತ್ತಾ" ಅಂತ. ಕೇಳಿದ್ರೆ ಆ ಯೋಚ್ನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಯಾವ ಪ್ರಯಾಣವೂ ಬೇಡ, ಅವತ್ತೇ ಡಾಕ್ಟರ್. ರಾತ್ರಿ ಹೊತ್ತಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪುಸ್ತಕದ ಹುಳ:
ಏರ್ವಾಡಿ ಬಗ್ಗೆ ಹೇಳಿದ್ದು ಪೂರ್ತಿ ನಿಜ. ಆದ್ರೆ ಅದೇ ತಮಿಳುನಾಡಿನದ್ದೇ ಇನ್ನೊಂದು ವಿಷ್ಯ ಇದೆ, ಅದೂ ನಮ್ಮ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತೆ ಅವ್ರ ಜೊತೆಯವ್ರು ಮಾಡಿದ್ದು, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವೇಲಾಯುಧಂಪಾಳಯಂಪುದೂರ್ ಅನ್ನೋ ಹಳ್ಳೀಲಿ ಮುತ್ತುಸ್ವಾಮಿ ದೇವಸ್ಥಾನ, ಅಲ್ಲಿಗೆ ತೀವ್ರ ಮಾನಸಿಕ ಕಾಯಿಲೆ ಇರೋರನ್ನ ಮನೆಯವ್ರು ಕರ್ಕೊಂಡು ಬಂದು ಉಳ್ಕೋತಾರೆ. ಮೂರು ತಿಂಗ್ಳಲ್ಲಿ ಬಂದ 31 ಜನರನ್ನ ಇವ್ರು ಬಂದಾಗ ಒಂದ್ಸಲ ಹೊರಡೋವಾಗ ಒಂದ್ಸಲ ಪರೀಕ್ಷೆ ಮಾಡಿದ್ರು. ಹೆಚ್ಚಿನೋರಿಗೆ ಸ್ಕಿಜೋಫ್ರೀನಿಯಾ ಥರದ್ದು, ಅಂದ್ರೆ ಭ್ರಮೆ, ಇಲ್ಲದ ಸಂಶಯ ಕಾಡೋ ಕಾಯಿಲೆ, ಸುಮ್ನೆ ಬೇಜಾರು ಅಂತ ಬಂದೋರಲ್ಲ. ಸರಾಸರಿ ಆರು ವಾರ ಇದ್ರು. ಕಾಯಿಲೆ ಲಕ್ಷಣ ಅಳೆಯೋ ಸ್ಕೋರು ಹತ್ತಿರತ್ತಿರ ನೂರಕ್ಕೆ 20ರಷ್ಟು ಇಳೀತು. ಕೆಲವು ಹೊಸ ಮಾತ್ರೆಗಳಿಂದ ಸಿಗೋ ಅಷ್ಟೇ ಗುಣ ಇದು.

ನಂಗೆ ಮಜಾ ಅನ್ಸಿದ್ದು ಅಲ್ಲಿ ಏನ್ ಮಾಡ್ತಿದ್ರು ಅನ್ನೋದು. ಮಂತ್ರವಾದಿ ಇಲ್ಲ, ದೆವ್ವ ಬಿಡಿಸೋದಿಲ್ಲ, ಹೊಡೆಯೋದಿಲ್ಲ. ಬೆಳಗ್ಗೆ ಒಂದು ಹದಿನೈದು ನಿಮಿಷದ ಪೂಜೆ ಅಷ್ಟೇ. ಆಮೇಲೆ ದೇವಸ್ಥಾನ ಗುಡಿಸೋದು, ಗಿಡಕ್ಕೆ ನೀರು ಹಾಕೋದು ಥರದ ಸಣ್ಣಪುಟ್ಟ ಕೆಲ್ಸ. ಜೊತೆಗೆ ಮನೆಯವ್ರು ಒಬ್ರು ಇರ್ಲೇಬೇಕು. ದುಡ್ಡು ತಗೊಳ್ತಿರ್ಲಿಲ್ಲ. ಹಂಗಿದ್ರೆ ವಾಸಿ ಮಾಡಿದ್ದು ಯಾವ್ದು?

ಪ್ರಶ್ನೆ ಕೇಳೋನು:
31 ಜನ! ಹೋಲಿಸಿ ನೋಡೋಕೆ ಇನ್ನೊಂದು ಗುಂಪೇ ಇಲ್ಲ. ತುಂಬಾ ಜೋರಾದಾಗ ಕರ್ಕೊಂಡು ಬರ್ತಾರೆ, ಆರು ವಾರ ಕಳೆದ್ರೆ ಎಷ್ಟೋ ಜನಕ್ಕೆ ತಾನಾಗೇ ಸ್ವಲ್ಪ ಇಳಿಯುತ್ತೆ. ಇದನ್ನ ದೇವರ ಖಾತೆಗೆ ಯಾಕೆ ಜಮಾ ಮಾಡ್ತೀರಿ?

ಅಂಕಿ ಅಂಶ ಬೇಕಾದ್ರೆ ದೊಡ್ಡದನ್ನೇ ತಗೊಳ್ಳಿ. ಅಮೆರಿಕದ ಆರು ಆಸ್ಪತ್ರೇಲಿ ಹಾರ್ಟ್ ಬೈಪಾಸ್ ಆದ 1802 ಜನರ ಮೇಲೆ ಪ್ರಾರ್ಥನೆಯ ಪ್ರಯೋಗ ಮಾಡಿದ್ರು, 2006ರಲ್ಲಿ ಬಂತು, ಮಾಡಿದವ್ರು ಹಾರ್ವರ್ಡ್‌ನ ಹರ್ಬರ್ಟ್ ಬೆನ್ಸನ್, ಅವ್ರೇನು ನಾಸ್ತಿಕರಲ್ಲ. ಪ್ರಾರ್ಥನೆ ಮಾಡ್ಸಿದವ್ರಲ್ಲಿ ತೊಡಕು ನೂರಕ್ಕೆ 52, ಮಾಡಿಸ್ದೆ ಇರೋರಲ್ಲಿ 51. ಇನ್ನೂ ಕೇಳಿ, "ನಿಮಗೋಸ್ಕರ ಪ್ರಾರ್ಥನೆ ನಡೀತಿದೆ" ಅಂತ ಖಚಿತವಾಗಿ ಗೊತ್ತಿದ್ದೋರಲ್ಲಿ 59! ಇದಕ್ಕೇನ್ ಹೇಳ್ತೀರಿ?

ಪುಸ್ತಕದ ಹುಳ:
ಸಣ್ಣ ಅಧ್ಯಯನ ಅನ್ನೋದನ್ನ ಆ ಪ್ರಬಂಧದವ್ರೂ ಮುಚ್ಚಿಟ್ಟಿಲ್ಲ. ಮತ್ತೆ ನಾನು ದೇವರ ಖಾತೆಗೆ ಹಾಕ್ತೀನಿ ಅಂತ ಎಲ್ಲಿ ಹೇಳಿದೆ?

ನೀವು ಹೇಳಿದ ಬೈಪಾಸ್ ಪ್ರಯೋಗಾನೇ ನೋಡಿ. ಪ್ರಾರ್ಥನೆ ಮಾಡಿದವ್ರು ಯಾರು? ರೋಗಿ ಮುಖಾನೇ ನೋಡಿಲ್ದೋರು, ಎಲ್ಲೋ ದೂರದಲ್ಲಿ ಕೂತು ಬರೀ ಒಂದು ಹೆಸರು, ಅಡ್ಡಹೆಸರಿನ ಮೊದಲಕ್ಷರ ಇಟ್ಕೊಂಡು ಬೇಡಿದವ್ರು. ಒಬ್ರೂ ಹತ್ರ ಬಂದು ಕೂತ್ಕೊಳ್ಲಿಲ್ಲ, ಕೈ ಹಿಡ್ಕೊಳ್ಲಿಲ್ಲ, ಊಟ ಆಯ್ತಾ ಅನ್ಲಿಲ್ಲ. ಅಂಥದ್ದು ಕೆಲ್ಸ ಮಾಡ್ಲಿಲ್ಲ ಅನ್ನೋದು ನನಗೇನೂ ಆಶ್ಚರ್ಯ ಅಲ್ಲ.

ಇದರ ಎದುರಿಗೆ ಇನ್ನೊಂದು ಇಡ್ತೀನಿ. ಹಾರ್ವರ್ಡ್‌ನವ್ರೇ, ಟೆಡ್ ಕ್ಯಾಪ್ಟ್‌ಚಕ್ ಅಂತ, 2008ರದ್ದು. ಕರುಳಿನ ತೊಂದ್ರೆ, ಅದೇ ಐಬಿಎಸ್ ಅಂತಾರಲ್ಲ, ಅಂಥ 262 ಜನ. ಒಂದು ಗುಂಪಿಗೆ ಏನೂ ಕೊಡ್ಲಿಲ್ಲ, ಸುಮ್ನೆ ಕಾಯಿಸಿದ್ರು. ಎರಡನೇದಕ್ಕೆ ಹುಸಿ ಅಕ್ಯುಪಂಕ್ಚರ್, ಸೂಜಿ ಚರ್ಮದೊಳಗೇ ಹೋಗಲ್ಲ, ಮಾಡೋನು ಮಾತೂ ಆಡಲ್ಲ. ಮೂರನೇದಕ್ಕೆ ಅದೇ ಹುಸಿ ಸೂಜೀನೇ, ಆದ್ರೆ ವೈದ್ಯ ಮುಕ್ಕಾಲು ಗಂಟೆ ಕೂತು ಕಷ್ಟ ಸುಖ ಕೇಳಿ, ಭರವಸೆ ಕೊಟ್ಟು ಮಾಡೋದು. ಮೂರು ವಾರ ಆದ್ಮೇಲೆ ಸಾಕಷ್ಟು ಆರಾಮ ಅಂದವ್ರು ನೂರಕ್ಕೆ ಕ್ರಮವಾಗಿ 28, 44, 62. ಸೂಜಿ ಎರಡರಲ್ಲೂ ಹುಸೀನೇ. ಆ 44ರಿಂದ 62ರ ಅಂತರ ಇದ್ಯಲ್ಲ, ಅದು ಮನುಷ್ಯ.

ಪಡುಕಡಲು:
ಇದು ದೇಹಕ್ಕೂ ಮನಸ್ಸಿಗೂ ಒಟ್ಟಿಗೆ ಬಂದ ಕಾಯಿಲೆಯಲ್ಲಿ ಕಣ್ಣಿಗೆ ಕಾಣ್ತದೆ ಮಾರಾಯ್ರೆ, ಕುಡಿತದಲ್ಲಿ. ನಮ್ಮ ಬಾವ ಬೋಟಿನ ಕೆಲಸ, ಸಂಜೆ ಆದ್ರೆ ಸಾಕು. ಎರಡು ಕಡೆ ಆಸ್ಪತ್ರೆಗೆ ಸೇರ್ಸಿ ಆಗಿತ್ತು, ಬಂದ ವಾರಕ್ಕೆ ಮತ್ತೆ ಶುರು. ಕಡೆಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತೆ ಜನಜಾಗೃತಿ ವೇದಿಕೆಯವ್ರ ಮದ್ಯವರ್ಜನ ಶಿಬಿರ ನಮ್ಮ ಕಡೆ ಒಂದು ಸಭಾಭವನದಲ್ಲಿ ಆಯ್ತು, ಎಂಟು ದಿನ. ಬೆಳಗ್ಗೆ ಯೋಗ, ಭಜನೆ, ಗುಂಪಲ್ಲಿ ಕೂತು ಮಾತು, ಮನೆಯವ್ರನ್ನ ಕರೆಸಿ ಮಾತು. ನಾನು ಎಂತ ಉಪಯೋಗ ಅಂತ ನಗಾಡಿದ್ದೆ.

ಆದ್ರೆ ಕೆಲಸ ಮಾಡಿದ್ದು ಆ ಎಂಟು ದಿನ ಅಲ್ಲ, ಆಮೇಲಿಂದು. ಕುಡಿತ ಬಿಟ್ಟವ್ರದ್ದೇ ನವಜೀವನ ಸಮಿತಿ ಅಂತ ಉಂಟು, ಅವ್ರೇ ಸೇರ್ತಾರೆ. ಅದ್ರಲ್ಲಿ ಒಬ್ಬ ರಿಕ್ಷಾದವ ನಮ್ಮ ಬಾವನಿಗೆ ಸಂಜೆ ಆರೂವರೆಗೆ ಸರಿಯಾಗಿ ಫೋನ್ ಮಾಡ್ತಿದ್ದ. ಆರೂವರೆ ಯಾಕೆ ಅಂದ್ರೆ ಅದೇ ಹೊತ್ತಿಗೆ ಬಾರಿನ ಕಡೆ ಕಾಲು ಎಳೀತದೆ ಅಂತ ಅವನಿಗೂ ಗೊತ್ತು. ಮಾತು ಎಂತದ್ದೂ ಇಲ್ಲ, "ಎಲ್ಲಿದ್ದೀರಿ, ಚಾ ಆಯ್ತಾ, ಇವತ್ತು ಬಂಗುಡೆ ರೇಟೆಷ್ಟು" ಅಷ್ಟೆ. ಅಕ್ಕ ಈಗಲೂ ಹೇಳ್ತಾಳೆ, ಮಂಜುನಾಥ ಸ್ವಾಮಿ ಮತ್ತೆ ಆ ರಿಕ್ಷಾದವ ಇಬ್ರಿಗೂ ಕೈಮುಗೀತೇನೆ ಅಂತ.

ನೈಟ್ ಡ್ಯೂಟಿ ಸಿಸ್ಟರ್:
ಪಡುಕಡಲು ಅವ್ರೇ ತುಂಬಾ ಸಂತೋಷ. ಒಂದೇ ಒಂದು ಸೇರಿಸ್ತೀನಿ, ದಿನಾ ಜಾಸ್ತಿ ಕುಡಿಯೋರು ದೇವ್ರ ಮೇಲೆ ಆಣೆ ಮಾಡಿ ಒಂದೇ ಏಟಿಗೆ ಮನೇಲೇ ನಿಲ್ಲಿಸ್ಬೇಡಿ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರ್ಬೋದು, ಇಲ್ಲದ್ದು ಕಾಣೋದು ಕೇಳೋದು ಶುರುವಾಗ್ಬೋದು, ಜೀವಕ್ಕೇ ಅಪಾಯ. ಥಯಮಿನ್ (ಬಿ1 ವಿಟಮಿನ್) ಇಂಜೆಕ್ಷನ್, ನಡುಕಕ್ಕೆ ಮಾತ್ರೆ ಇದೆಲ್ಲ ಡಾಕ್ಟರ್ ನೋಡ್ಬೇಕು. ಅದು ದಾಟಿದ್ಮೇಲೆ ಆಣೆ, ಭಜನೆ, ರಿಕ್ಷಾ ಅಣ್ಣ ಎಲ್ಲ.

ಪುಸ್ತಕದ ಹುಳ:
ಇದಕ್ಕೂ ಲೆಕ್ಕ ಇದೆ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದೂ ಇದೇ ಪಾಕದಲ್ಲಿ, ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಹತ್ರ ಮಾತಾಡೋದು, ನಮಗಿಂತ ದೊಡ್ಡ ಶಕ್ತಿ ಒಂದಿದೆ ಅಂತ ಒಪ್ಕೊಳ್ಳೋದು. 2020ರಲ್ಲಿ ಕಾಕ್ರೇನ್ ಅಂತ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ತೂಗೋ ಸಂಸ್ಥೆ, ಅವ್ರು 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಸೇರ್ಸಿ ನೋಡಿದ್ರು, ಪೂರ್ತಿ ಕುಡಿಯದೇ ಇರೋದ್ರಲ್ಲಿ ಅದು ಬೇರೆ ಪ್ರಚಲಿತ ಕೌನ್ಸೆಲಿಂಗ್‌ಗಳಿಗಿಂತ ಕಮ್ಮಿಯಿಲ್ಲ, ಎಷ್ಟೋ ಕಡೆ ಹೆಚ್ಚೇ.

ಪ್ರಶ್ನೆ ಕೇಳೋನು:
ಸರಿ ಸ್ವಾಮಿ, ಮನುಷ್ಯ ಸಂಪರ್ಕ ಅನ್ನೋದನ್ನ ನಾನು ಒಪ್ಪಲ್ಲ ಅಂತ ಯಾವತ್ತೂ ಹೇಳಿಲ್ಲ. ನನ್ನ ವಾದ ಅದಕ್ಕೆ ದೇವಸ್ಥಾನ ಯಾಕೆ ಬೇಕು ಅನ್ನೋದು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ತಂಡದವ್ರು ಏನ್ ಮಾಡಿದ್ರು? ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ, ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು ಡಿಪ್ರೆಶನ್ ಇರೋರ ಜೊತೆ ಆರೇಳು ಸಲ ಕೂತು ಮಾತಾಡ್ಸಿದ್ರು, ನಿಂತು ಹೋದ ಕೆಲ್ಸಗಳನ್ನ ಒಂದೊಂದಾಗಿ ಮತ್ತೆ ಶುರು ಮಾಡ್ಸಿದ್ರು. 2017ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೋಡಿ, ಗುಣ ಆದವ್ರು ನೂರಕ್ಕೆ 64, ಬರೀ ಮಾಮೂಲಿ ಚಿಕಿತ್ಸೇಲಿ 39. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಡಾಕ್ಟರು ಅಜ್ಜಿಯರನ್ನ ಕ್ಲಿನಿಕ್ ಹೊರಗೆ ಮರದ ಬೆಂಚ್ ಮೇಲೆ ಕೂರ್ಸಿ ಅದನ್ನೇ ಮಾಡ್ಸಿದ್ರು. ಪಾದುಕೆ ಇಲ್ಲ, ಆರತಿ ಇಲ್ಲ, ದಲಾಲರಿಲ್ಲ. ನಮಗೆ ಇಂಥದ್ದು ಬೇಕು.

ಕಲಬುರ್ಗಿ ಬಿಸಿಲು:
ಬೇಕ್ರಿ, ಯಾರ್ ಬ್ಯಾಡ ಅಂದ್ರು? ಆದ್ರ ಆ ಬೆಂಚ್ ನಮ್ಮ ಊರಾಗ ಎಲ್ಲಿ ಅದ, ಅಕ್ಕಾರ ಮನಿ ಹತ್ರ ಎಲ್ಲಿ ಅದ? ಇದ್ದದ್ದು ಗುಡಿ ಕಟ್ಟಿ. ನಮ್ಮ ಓಣ್ಯಾಗ ಒಬ್ಬಾಕಿ ಮಗನ್ನ ಕಳ್ಕೊಂಡಾಕಿ, ಆಕಿಗಿ ಕೌನ್ಸೆಲಿಂಗ್‌ಗೆ ಹೋಗು ಅಂದ್ರ "ನನಗೇನು ಹುಚ್ಚು ಹಿಡದದೇನು" ಅಂತಿದ್ಲು. ಗುರುವಾರ ಗುಡಿಗಿ ಹೋಗು ಅಂದ್ರ ಯಾರೂ ಏನೂ ಅನ್ನಂಗಿಲ್ಲ, ಹೋದ್ಲು, ಅಲ್ಲಿ ತನ್ನಂಥೋರು ನಾಕ್ ಮಂದಿ ಸಿಕ್ರು, ಕುಂತು ಅತ್ಲು. ಮನ್ಯಾಗ ಅತ್ರ ಎಲ್ಲಾರೂ ಸುಮ್ನಿರು ಸುಮ್ನಿರು ಅಂತಾರ್ರಿ. ಅಲ್ಲಿ ಅಳಬ್ಯಾಡ ಅನ್ನೋರೇ ಇಲ್ಲ.

ಗುಮ್ಮಟದ ಊರವ:
ನಮ್ ಕಡಿ ದರ್ಗಾದಾಗೂ ಇದ ನೋಡ್ರಿ. ನಮ್ಮ ಖಾಲಾ ಗುರುವಾರ ಗುರುವಾರ ಹೋಗಿ ಸುಮ್ನ ಒಂದ್ ಮೂಲ್ಯಾಗ ಕುಂದರ್ತಿದ್ಲು, ಹಿಂದೂ ಹೆಣ್ಮಕ್ಕಳೂ ಬರ್ತಿದ್ರು, ಒಬ್ರಿಗೊಬ್ರು ಸಕ್ಕರಿ ಊದಿನಕಡ್ಡಿ ಹಂಚ್ಕೊಂಡು ಸೊಸಿ ಮ್ಯಾಲ ದೂರು ಹೇಳ್ಕೊಂಡು ಹಗುರಾಗಿ ಬರ್ತಿದ್ರು. ಸಿಸ್ಟರ್ ಹೇಳಿದ್ರಲ್ಲ ಉಪವಾಸದ್ದು, ರಂಜಾನ್ ಟೈಮಿನಾಗ ನಮ್ಮೋರಿಗೂ ಅದ ಮಾತು, ಲಿಥಿಯಂ ಇದ್ದೋರು ರೋಜಾ ಇಡೂಕಿಂತ ಮೊದ್ಲ ಡಾಕ್ಟರ್‌ಗೆ ಕೇಳ್ರಿ, ಬೀಮಾರ್ ಇದ್ದೋರಿಗೆ ಬಿಡಾಕ ಧರ್ಮದಾಗೇ ಅವಕಾಶ ಐತಿ.

ಏರ್ವಾಡಿಯಂಥದ್ದು ಮತ್ತ ಆಗಬಾರ್ದು ಅಂತ ಈಗ ಕಾನೂನೂ ಐತ್ರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದಿ ಪ್ರಕಾರ ಯಾರನ್ನೂ ಸರಪಳಿ ಹಾಕಂಗಿಲ್ಲ, ದರ್ಗಾ ಇರ್ಲಿ ಗುಡಿ ಇರ್ಲಿ. ನಮ್ಮ ಕರ್ನಾಟಕದ್ದೇ ವಾಮಾಚಾರ ತಡೆ ಕಾಯ್ದಿನೂ 2020ರಿಂದ ಜಾರಿ ಆಗೈತಿ, ದೆವ್ವ ಬಿಡಸ್ತೀನಿ ಅಂತ ಹೊಡಿಯೋದು ಬಡಿಯೋದು ಅಪರಾಧ. ಅಂಥದ್ದು ಕಂಡ್ರ ಪೊಲೀಸರಿಗೆ ಹೇಳ್ರಿ, ದೇವರ ಸಿಟ್ಟು ಬರಂಗಿಲ್ಲ.

ಕಬ್ಬಿನ್ ಗದ್ದೆ:
ನಾನು ನ್ಯೂಜೆರ್ಸಿಲಿರೋದು, ಮೂಲ ಮಂಡ್ಯ ಕಡೆಯೋನು. ಇಲ್ಲಿ ಒಂಟಿತನ ಅನ್ನೋದು ಸರ್ಕಾರಿ ಕಾಯಿಲೆನೇ ಆಗ್ಬುಟ್ಟೈತೆ. ನಮ್ಮ ಹಲ್ಲೆಗೆರೆ ಮೂಲದೋರು ವಿವೇಕ್ ಮೂರ್ತಿ, ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡೋ ಮುಖ್ಯ ಡಾಕ್ಟ್ರು, ಆಗಿದ್ರಲ್ಲ, 2023ರಲ್ಲಿ ಅದ್ರ ಮೇಲೇ ಒಂದು ಎಚ್ಚರಿಕೆ ಹೊರಡಿಸಿದ್ರು. ಜನ ಸಂಪರ್ಕ ಇಲ್ದೆ ಬದುಕೋದು ದಿನಾ 15 ಸಿಗರೇಟ್ ಸೇದೋ ಅಷ್ಟು ಕೆಟ್ಟದ್ದು ಅಂತ. ಅದ್ರ ಹಿಂದ್ಗಡೆ ಇರೋದು ಜೂಲಿಯನ್ ಹೋಲ್ಟ್ ಲುನ್‌ಸ್ಟಾಡ್ ಅನ್ನೋರ 2010ರ ಲೆಕ್ಕ, 148 ಅಧ್ಯಯನ, ಮೂರು ಲಕ್ಷದ ಮೇಲೆ ಜನ. ನಂಟು ಗಟ್ಟಿ ಇರೋರು ಬದುಕುಳಿಯೋ ಸಾಧ್ಯತೆ ನೂರಕ್ಕೆ 50ರಷ್ಟು ಜಾಸ್ತಿ. ಮನಸ್ಸಿನ ಮಾತಲ್ಲ ಕಣ್ರಪ್ಪ ಇದು, ಜೀವ ಉಳಿಯೋ ಮಾತು.

ಕೊರೋನಾದಾಗ ಇಲ್ಲಿ ದೇವಸ್ಥಾನದೋರು ಎಲ್ಲಾನೂ ಜೂಮಲ್ಲಿ ಮಾಡಿದ್ರು, ಸತ್ಯನಾರಾಯಣ ಪೂಜೆನೂ ಜೂಮಲ್ಲೇ. ಮಂತ್ರ ಅದೇ, ಪುರೋಹಿತರೂ ಅವರೇ. ನಮ್ಮತ್ತೆ ಎರಡ್ ಸಲ ನೋಡಿ ಮೂರನೇ ಸಲ ಲ್ಯಾಪ್‌ಟಾಪ್ ಮುಚ್ಬುಟ್ರು. ದೇವಸ್ಥಾನ ತೆರೆದ್ಮೇಲೆ ಶನಿವಾರ ಅಲ್ಲಿ ಅಡುಗೆಮನೇಲಿ ಬೀನ್ಸ್ ಹೆಚ್ಚಾಕೆ ಹೋದ್ರು ನೋಡಿ, ಮಂಡಿ ನೋವೂ ಇಲ್ಲ ಏನೂ ಇಲ್ಲ. ಗರ್ಭಗುಡಿಗಿಂತ ಆ ಅಡುಗೆಮನೇಲೇ ಜಾಸ್ತಿ ಹೊತ್ತು ಇರ್ತಾರೆ.

ನೈಟ್ ಡ್ಯೂಟಿ ಸಿಸ್ಟರ್:
ಈ ಬೀನ್ಸ್ ಹೆಚ್ಚೋ ಮಾತು ಬಂದಿದ್ದಕ್ಕೆ ಕೇಳ್ತೀನಿ, ತುಂಗಾತೀರ ಅವ್ರೇ, ಮನೇಲಿ ಅಮ್ಮ ದಿನಾ ಏನ್ ಕೆಲ್ಸ ಮಾಡ್ತಾರೆ?

ತುಂಗಾತೀರ:
ಏನೂ ಇಲ್ಲ ಸಿಸ್ಟರ್. ಅಡುಗೆಗೆ ಬರ್ತಾರೆ, ಮನೆ ಕೆಲ್ಸಕ್ಕೂ ಬರ್ತಾರೆ. ಬಟ್ಟೆ ಮಡಚೋಕೆ ಕೂತ್ರೂ ಮಗ "ಅಜ್ಜಿ ನೀವ್ ರೆಸ್ಟ್ ತಗೊಳ್ಳಿ" ಅಂತಾನೆ, ಒಳ್ಳೇ ಮನಸ್ಸಿಂದಾನೇ. ಹನ್ನೊಂದನೇ ಫ್ಲೋರು, ಪಕ್ಕದ ಮನೆಯವ್ರು ಯಾರು ಅಂತ ನಂಗೇ ಗೊತ್ತಿಲ್ಲ. ಊರಲ್ಲಿದ್ದಾಗ ಬೆಳಗ್ಗೆ ಐದಕ್ಕೇ ಹೂ ಬಿಡಿಸಿ ಕಟ್ಟಿ ಬೀದಿಲಿ ಮೂರು ಮನೆಗೆ ಕೊಡೋರು, ಯಾರ ಮನೇಲಿ ಬಾಣಂತನ ಅಂದ್ರೂ ಅಮ್ಮನ್ನೇ ಕರೀತಿದ್ರು. ಸಾಯ್ಬೇಕು ಅನ್ಸುತ್ತಾ ಅಂತ ನೀವು ಹೇಳಿದ್ ಹಂಗೇ ಕೇಳಿದೆ. "ಅಯ್ಯೋ ಹಂಗೇನಿಲ್ಲ, ಆದ್ರೆ ನಾನಿದ್ದು ಯಾರಿಗೇನಾಗ್ಬೇಕು" ಅಂದ್ರು.

ನೈಟ್ ಡ್ಯೂಟಿ ಸಿಸ್ಟರ್:
ಈ ಮಾತನ್ನ ಹಂಗೇ ಡಾಕ್ಟರ್‌ಗೆ ಹೇಳಿ, ಇದೇ ವಾರ. ಹಗುರವಾಗಿ ತಗೋಬೇಡಿ. ಮತ್ತೆ ಅದ್ರಲ್ಲೇ ದಾರೀನೂ ಇದೆ ಅನ್ಸುತ್ತೆ ನಂಗೆ. ಮುತ್ತುಸ್ವಾಮಿ ಗುಡೀಲಿ ಗಿಡಕ್ಕೆ ನೀರು ಹಾಕ್ತಿದ್ರು, ಗೋವಾದಲ್ಲಿ ನಿಂತ ಕೆಲ್ಸ ಶುರು ಮಾಡ್ಸಿದ್ರು, ಆ ರಿಕ್ಷಾ ಅಣ್ಣನೂ ಫೋನ್ ಮಾಡ್ತಾ ಮಾಡ್ತಾನೇ ತಾನೂ ಕುಡೀದೆ ಉಳ್ಕೊಂಡಿರ್ತಾನೆ ನೋಡಿ. ನಾವು ಕಾಯಿಲೆಯವ್ರಿಗೆ ಪ್ರೀತಿ ಕೊಡ್ಬೇಕು ಆರೈಕೆ ಮಾಡ್ಬೇಕು ಅಂತ ಮಾತ್ರ ಯೋಚ್ನೆ ಮಾಡ್ತೀವಿ, ಅವ್ರಿಂದ ಏನಾದ್ರೂ ತಗೋಬೇಕು ಅಂತ ಹೊಳೆಯೋದೇ ಇಲ್ಲ. ವಾರ್ಡಲ್ಲಿ ಒಬ್ಬಜ್ಜಿ, ಯಾರ ಜೊತೆನೂ ಮಾತಿಲ್ಲ. ಪಕ್ಕದ ಬೆಡ್ ಹುಡ್ಗಿ ಜಡೆ ಸಿಕ್ಕಾಗಿತ್ತು, ನಂಗೆ ಟೈಮಿರ್ಲಿಲ್ಲ, ಅಜ್ಜಿ ಕೈಗೆ ಬಾಚಣಿಗೆ ಕೊಟ್ಟೆ. ಮಾರನೇ ದಿನದಿಂದ ಬೆಳಗ್ಗೆ ಆ ಹುಡ್ಗಿ ಎದ್ದಿದಾಳಾ ಅಂತ ಅಜ್ಜಿನೇ ನೋಡೋಕೆ ಶುರು ಮಾಡಿದ್ರು. ಮಾತ್ರೇನೂ ಅದೇ ಹೊತ್ತಿಗೆ ಕೆಲ್ಸ ಶುರು ಮಾಡಿರ್ಬೋದು, ನಾನು ಪವಾಡ ಅನ್ನಲ್ಲ.

ನಿವೃತ್ತ ಮೇಷ್ಟ್ರು:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ನಿವೃತ್ತಿ ಆದ ಮೇಲೆ ಒಂದು ಹಾಸ್ಪಿಸ್‌ನಲ್ಲಿ ಸ್ವಯಂಸೇವಕ, ಅಂದರೆ ಕ್ಯಾನ್ಸರ್ ಕೊನೆ ಹಂತದವರು ಇರುವ ಜಾಗ. ಇಲ್ಲಿ ವಾಸಿ ಅನ್ನುವ ಮಾತೇ ಇಲ್ಲ, ಹಾಗಾಗಿ ಅಧ್ಯಾತ್ಮದಿಂದ ಗೆಡ್ಡೆ ಕರಗಿತು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ನೋವಿನ ವಿಷಯ ಬೇರೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಹೇಳುತ್ತಿದ್ದರು, ನೋವು ದೇಹದ್ದು ಮಾತ್ರ ಅಲ್ಲ, ಮನಸ್ಸಿನದು, ಸಂಬಂಧದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ನೋವಾಗಿ ಬರುತ್ತದೆ ಎಂದು. ಅವರು ಮೊದಲು ನರ್ಸು, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರು. ನೋವಿನ ಮದ್ದು ಮಾರ್ಫಿನ್ ಅನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದು ಹಟ ಹಿಡಿದವರೂ ಅವರೇ.

ಒಬ್ಬರು ಇದ್ದರು, ರೈತರು. ಮಾರ್ಫಿನ್ ಏರಿಸಿದರೂ ರಾತ್ರಿ ನರಳಾಟ. ತಮ್ಮನ ಜೊತೆ ಜಮೀನಿನ ಜಗಳ, ಮಾತು ಬಿಟ್ಟು ಎಷ್ಟೋ ವರ್ಷ. ತಮ್ಮ ಬಂದ, ಬಂದವನು ಏನೂ ಮಾತಾಡಲಿಲ್ಲ, ಕಾಲ ಹತ್ತಿರ ಕೂತು ಉಗುರು ಕತ್ತರಿಸಿದ. ಅವತ್ತು ಡೋಸ್ ಏರಿಸದೆ ನಿದ್ದೆ ಮಾಡಿದರು. ಕಾಯಿಲೆ ಒಂದಿಷ್ಟೂ ಕಮ್ಮಿಯಾಗಲಿಲ್ಲ, ಆ ತಿಂಗಳೇ ಹೋದರು.

ಪ್ರಶ್ನೆ ಕೇಳೋನು:
ಮೇಷ್ಟ್ರೇ, ಇದಕ್ಕೆ ನನ್ನ ತಕರಾರಿಲ್ಲ. ತುಂಗಾತೀರ ಅವ್ರಿಗೆ ನನ್ನ ಪ್ರಶ್ನೆ ಬೇರೆ. ಒಂದು ತಿಂಗ್ಳು ಅಲ್ಲಿ ಹೂ ಕಟ್ತಾರೆ, ಭಿಕ್ಷೆ ಹಾಕ್ತಾರೆ, ನಗ್ತಾರೆ ಅಂತಾನೇ ಇಟ್ಕೊಳ್ಳಿ. ವಾಪಸ್ ಬಂದ್ಮೇಲೆ? ಮತ್ತದೇ ಹನ್ನೊಂದನೇ ಫ್ಲೋರು, ಅದೇ ರೆಸ್ಟು. ಆ ಗುಡಿಯ ಅಧ್ಯಯನದಲ್ಲೂ ಊರಿಗೆ ಹೋದ್ಮೇಲೆ ಏನಾಯ್ತು ಅಂತ ಇಲ್ಲ.

ಪಡುಕಡಲು:
ಇದು ಸರಿಯಾದ ಪ್ರಶ್ನೆ. ಶಿಬಿರ ದೊಡ್ಡದಲ್ಲ, ಆರೂವರೆ ಫೋನು ದೊಡ್ಡದು.

ತುಂಗಾತೀರ:
ಡಾಕ್ಟರ್ ಹತ್ರ ಹೋಗಿ ಬಂದೆ. ಅಮ್ಮ ಹೇಳಿದ್ ಮಾತು ಹೇಳಿದ್ಮೇಲೆ ಅಮ್ಮನ್ನ ಒಬ್ರನ್ನೇ ಕೂರ್ಸಿ ತುಂಬಾ ಹೊತ್ತು ಮಾತಾಡಿದ್ರು. ಈಗ್ಲೇ ಒಂದು ತಿಂಗ್ಳು ಬೇಡ, ಇನ್ನೊಂದು ಸ್ವಲ್ಪ ದಿನ ಬಿಟ್ಟು ಒಂದು ವಾರಕ್ಕೆ ಹೋಗ್ಬರ್ಲಿ, ನೀವೂ ಜೊತೆಗೆ ಹೋಗಿ, ಮಾತ್ರೆ ದೊಡ್ಡಮ್ಮನ ಕೈಲಲ್ಲ ನಿಮ್ಮ ಕೈಲಿರ್ಲಿ, ಉಪವಾಸ ಇಲ್ಲ ಅಂದ್ರು. ಲಿಥಿಯಂ ಇಲ್ಲ, ಕೇಳಿದೆ. ನಮ್ಮೆಜಮಾನ್ರು ಇದಕ್ಕೆ ಒಪ್ಪಿದ್ರು, ದೊಡ್ಡಮ್ಮ ಮುಖ ಊದಿಸ್ಕೊಂಡು ಒಪ್ಪಿದ್ರು.

ವಾಪಸ್ ಬಂದ್ಮೇಲೆ ಏನು ಅನ್ನೋದಕ್ಕೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ನಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಏಳನೇ ಫ್ಲೋರ್ ಹುಡ್ಗಿ ಒಬ್ಳು ಬಾಣಂತಿ, ಅವ್ಳ ಅಮ್ಮಂಗೆ ಬರೋಕಾಗಿಲ್ಲ ಅಂತ ಯಾರಾದ್ರೂ ಮಗೂಗೆ ಎಣ್ಣೆ ನೀರು ಹಾಕೋರಿದ್ರೆ ತಿಳಿಸಿ ಅಂತ ಹಾಕಿದ್ಲು. ಅಮ್ಮಂಗೆ ಹೇಳಿದೆ. ಹ್ಞೂಂ ಅನ್ಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಆ ಹುಡ್ಗೀದು ನಾರ್ಮಲ್ಲಾ ಸಿಸೇರಿಯನ್ನಾ" ಅಂತ ಕೇಳಿದ್ರು.

ನೈಟ್ ಡ್ಯೂಟಿ ಸಿಸ್ಟರ್:
ಒತ್ತಾಯ ಮಾಡ್ಬೇಡಿ, ಆದ್ರೆ ಆ ಹುಡ್ಗಿಗೇ ಮನೆಗೆ ಬಂದು ಕೇಳೋಕೆ ಹೇಳಿ. ನೀವು ಕೇಳೋದಕ್ಕೂ ಅವ್ಳು ಕೇಳೋದಕ್ಕೂ ವ್ಯತ್ಯಾಸ ಇದೆ. ಡಾಕ್ಟರ್ ಮುಂದಿನ ಡೇಟ್ ಮಾತ್ರ ತಪ್ಪಿಸ್ಬೇಡಿ.

ಕಲಬುರ್ಗಿ ಬಿಸಿಲು:
ಅಕ್ಕಾರ, ಬರೋದಾದ್ರ ಹುಣ್ಣಿಮಿ, ಅಮಾಸಿ, ಗುರುವಾರ ಬಿಟ್ಟು ಬರ್ರಿ, ಗದ್ದಲ ಕಮ್ಮಿ ಇರ್ತದ, ನೀವು ವಿಡಿಯೋದಾಗ ನೋಡಿದ್ದೂ ಕಮ್ಮಿ. ಬ್ಯಾಸಿಗ್ಯಾಗ ಬ್ಯಾಡೇ ಬ್ಯಾಡ, ನಮ್ಮ ಬಿಸಲು ನಿಮಗ ತಡಿಯಂಗಿಲ್ಲ. ಟ್ರೇನಿಗಿ ಬಂದ್ರ ಗಾಣಗಾಪುರ ರೋಡ್ ಅಂತ ಸ್ಟೇಷನ್ ಅದ, ಅಲ್ಲಿಂದ ಊರು ಇನ್ನಾ ದೂರ ಅದ, ಇಳದ ಕೂಡ್ಲೇ ಗುಡಿ ಬಂತು ಅಂತ ತಿಳ್ಕೋಬ್ಯಾಡ್ರಿ, ಜೀಪ್ ಬಸ್ ಹಿಡೀಬೇಕು. ಅಮ್ಮಾರಿಗಿ ಆರತಿ ವ್ಯಾಳ್ಯಾದಾಗ ಗುಡಿ ಒಳಗ ನಿಂದ್ರೋದು ಬ್ಯಾಡ ಅನಸಿದ್ರ ಸಂಗಮದ ಕಡಿ ಕರ್ಕೊಂಡು ಹೋಗ್ರಿ. ಭಿಕ್ಷಾ ಹಾಕೂದಿದ್ರ ಅಡಗಿ ಮಾಡಾಕ ಮುಂಜಾನೆ ಲಗೂನ ಹಚ್ಬೇಕಾಗ್ತದ, ಗ್ಯಾಸ್ ಒಲಿ, ಭಾಂಡೆ ಬಾಡಿಗಿಗಿ ಸಿಗ್ತಾವೇನು ಅಂತ ಉಳ್ಕೊಳ್ಳೋ ಕಡಿ ಮೊದ್ಲೇ ಕೇಳ್ರಿ.